ಕೊಬ್ಬು ತೋರಿಸುವ ತೂಕದ ಯಂತ್ರ, ಜೊತೆಗೊಂದು ಹೊಲಿಗೆಯ ಟೇಪು: ಹತ್ತು ತಿಂಗಳ ಬಳಕೆಯ ನಂತರ

ಕಳೆದ ವರ್ಷ ಜೂನ್‌ನಲ್ಲಿ, ಶಾಲೆ ಮತ್ತೆ ಆರಂಭವಾದ ವಾರದಲ್ಲೇ, ತುಮಕೂರಿನ ನಮ್ಮ ಮನೆಗೆ ದೇಹದ ಕೊಬ್ಬಿನ ಪ್ರಮಾಣವನ್ನೂ ತೋರಿಸುವ ಡಿಜಿಟಲ್ ತೂಕದ ಯಂತ್ರವೊಂದನ್ನು ತರಿಸಿಕೊಂಡೆ. ಬೇಸಿಗೆ ರಜೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಂತೆ ಎಂದು ವಿವರಿಸಿದ ವೈದ್ಯರು, ಈಗಿರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿಕೊಂಡರೂ ಬಹಳ ಉಪಯೋಗವಾಗುತ್ತದೆ ಎಂದು ಧೈರ್ಯ ಹೇಳಿದರು. ಆಗ ನನ್ನ ತೂಕ 71.4 ಕೆ.ಜಿ., ಎತ್ತರ 156 ಸೆಂ.ಮೀ. ಮನೆಯಲ್ಲೇ ಅಳೆದುಕೊಂಡು ಲೆಕ್ಕ ಇಡೋಣವೆಂದು ಸುಮಾರು 1,600 ರೂಪಾಯಿ ಕೊಟ್ಟು ಈ ಯಂತ್ರವನ್ನು ಕೊಂಡೆ. ಈ ಬೆಲೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತತ್ತ್ವದ ಮೇಲೆ ಕೆಲಸ ಮಾಡುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇದೇ ಅವಧಿಯಲ್ಲಿ ಬಳಸಿದ ಇಪ್ಪತ್ತು ರೂಪಾಯಿಯ ಹೊಲಿಗೆಯ ಟೇಪನ್ನೂ ಈ ವಿಮರ್ಶೆಯಲ್ಲಿ ಸೇರಿಸಿಕೊಂಡಿದ್ದೇನೆ, ಏಕೆಂದರೆ ಅದಿಲ್ಲದೆ ಯಂತ್ರದ ಬಗ್ಗೆ ನ್ಯಾಯವಾಗಿ ಏನನ್ನೂ ಹೇಳಲಾರೆ.

ಮೊದಲು ಕೇವಲ ತೂಕದ ವಿಷಯ. ಈ ಕೆಲಸವನ್ನು ಯಂತ್ರ ಚೆನ್ನಾಗಿ ಮಾಡುತ್ತದೆ. ಗಾಜಿನ ಹಲಗೆಯ ನಾಲ್ಕು ಮೂಲೆಗಳಲ್ಲಿರುವ ಪಾದಗಳೊಳಗೆ ಭಾರಕ್ಕೆ ಅತಿ ಸೂಕ್ಷ್ಮವಾಗಿ ಬಾಗುವ ಲೋಹದ ತುಣುಕುಗಳಿದ್ದು, ಆ ಬಾಗುವಿಕೆಯನ್ನೇ ಅದು ತೂಕವಾಗಿ ಲೆಕ್ಕ ಹಾಕುತ್ತದೆ. ಹಾಗಾಗಿ ನೆಲ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ನಮ್ಮ ನಡುಮನೆಯ ಟೈಲ್ಸ್ ಮೇಲೆ 25 ಕೆ.ಜಿ. ಅಕ್ಕಿ ಮೂಟೆಯನ್ನು ಇಟ್ಟಾಗ 25.1 ತೋರಿಸಿತು, ಚೀಲದ ತೂಕವನ್ನು ಬಿಟ್ಟರೆ ಅದು ಸರಿಯೇ. ಅಡುಗೆಮನೆಯ ಹಳೆಯ ಕಡಪ ಕಲ್ಲಿನ ನೆಲದಲ್ಲಿ ಅದೇ ಮೂಟೆ ಅರ್ಧ ಕಿಲೋ ಕಡಿಮೆ ತೂಗಿತು. ಜಮಖಾನದ ಮೇಲಿಟ್ಟರಂತೂ ಪ್ರತಿಸಲವೂ ಬೇರೆ ಬೇರೆ ಅಂಕಿ. ಇನ್ನೊಂದು ಸಂಗತಿ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಒಮ್ಮೆ ತೂಗಿದ ತಕ್ಷಣ ಅರ್ಧ ಲೋಟ ನೀರನ್ನು ಕೈಯಲ್ಲಿ ಹಿಡಿದು ಮತ್ತೆ ಹತ್ತಿದರೂ ಅದು ಹಿಂದಿನ ಅಂಕಿಯನ್ನೇ ತೋರಿಸುತ್ತಿತ್ತು. ಮಧ್ಯದಲ್ಲಿ ಅಕ್ಕಿ ಮೂಟೆಯನ್ನು ಇಟ್ಟು ತೆಗೆದು ಮತ್ತೆ ಹತ್ತಿದಾಗ ಮಾತ್ರ ನೀರಿನ ತೂಕ ಸೇರಿಕೊಂಡಿತು. ಅಂದರೆ ಹಿಂದಿನ ತೂಕಕ್ಕೆ ತೀರಾ ಸಮೀಪವಿದ್ದರೆ ಅದೇ ಅಂಕಿಯನ್ನು ಮರಳಿ ತೋರಿಸುವಂತೆ ಇದನ್ನು ರೂಪಿಸಿದ್ದಾರೆ. ಬಳಸುವವರಿಗೆ ಯಂತ್ರ ಸ್ಥಿರವಾಗಿದೆ ಎಂಬ ನಂಬಿಕೆ ಬರಲಿ ಎಂಬುದು ಉದ್ದೇಶವಿರಬೇಕು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ವಾರಗಟ್ಟಲೆಯ ಏರಿಳಿತವನ್ನು ನೋಡುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

ದಿನಗಟ್ಟಲೆಯ ಏರಿಳಿತವನ್ನು ನೋಡುವವರಿಗೆ ಮಾತ್ರ ಈ ಯಂತ್ರ ನೆಮ್ಮದಿ ಕೆಡಿಸುವ ವಸ್ತು. ಗೌರಿ ಗಣೇಶನ ಹಬ್ಬದ ಮರುದಿನ ನನ್ನ ತೂಕ ಒಂದೇ ರಾತ್ರಿಯಲ್ಲಿ 1.3 ಕೆ.ಜಿ. ಏರಿತ್ತು. ಮೂರು ತಿಂಗಳ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಬೆಳಿಗ್ಗೆಯೇ ಕಣ್ಣಲ್ಲಿ ನೀರು ಬಂತು. ಆಮೇಲೆ ಕುಳಿತು ಲೆಕ್ಕ ಹಾಕಿದೆ. ದೇಹದಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕಿಲೋ ಕ್ಯಾಲೊರಿ ಹೆಚ್ಚುವರಿಯಾಗಿ ಸೇರಬೇಕು. 1.3 ಕೆ.ಜಿ.ಗೆ ಅದು ಹತ್ತು ಸಾವಿರ. ಎಷ್ಟೇ ಕಡುಬು ತಿಂದರೂ ಒಂದು ಹಬ್ಬದಲ್ಲಿ ಅಷ್ಟನ್ನು ಯಾರೂ ತಿನ್ನಲಾರರು. ಹಿಟ್ಟು ಸಕ್ಕರೆಗಳ ಅಂಶ ದೇಹದಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುವಾಗ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ಹೆಚ್ಚಾದರೂ ನೀರು ನಿಲ್ಲುತ್ತದೆ, ತಿಂಗಳ ಮುಟ್ಟಿನ ಮುಂಚಿನ ದಿನಗಳಲ್ಲಿಯೂ ಹಾಗೆಯೇ. ನಾಲ್ಕೇ ದಿನದಲ್ಲಿ ಆ 1.3 ಕೆ.ಜಿ. ತಾನಾಗಿ ಇಳಿಯಿತು. ಒಂದು ವಾರದಲ್ಲಿ ಎರಡು ಮೂರು ಕಿಲೋ ಇಳಿಸಿಕೊಡುತ್ತೇವೆಂದು ಪುಡಿ ಮಾರುವವರ ಗುಟ್ಟೂ ಇದೇ ನೀರಿನಲ್ಲಿದೆ. ಊಟವನ್ನು ಥಟ್ಟನೆ ಕಡಿಮೆ ಮಾಡಿದವರಿಗೆಲ್ಲ ಮೊದಲ ವಾರ ನೀರು ಇಳಿಯುತ್ತದೆ. ಅಂದಿನಿಂದ ನಾನು ದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿಯನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ.

ಈಗ ಪೆಟ್ಟಿಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಮುದ್ರಿಸಿರುವ ಗುಣಕ್ಕೆ ಬರೋಣ: ಕೊಬ್ಬು, ಸ್ನಾಯು, ಮೂಳೆ, ನೀರು, ಒಳಾಂಗಗಳ ಸುತ್ತಲಿನ ಕೊಬ್ಬು, ಕೊನೆಗೆ ದೇಹದ ವಯಸ್ಸು ಕೂಡ ಈ ಯಂತ್ರಕ್ಕೆ ತಿಳಿಯುತ್ತದೆಯೆಂಬ ಭರವಸೆ. ಬರಿಗಾಲಿನಲ್ಲಿ ನಿಂತಾಗ ಲೋಹದ ಪಟ್ಟಿಗಳ ಮೂಲಕ ನಮಗೆ ಗೊತ್ತೇ ಆಗದಷ್ಟು ದುರ್ಬಲವಾದ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನೀರು ಹೆಚ್ಚಿರುವ ಸ್ನಾಯು ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆಯನ್ನು ಅಳೆದು, ನಾವು ತುಂಬಿಸಿದ ವಯಸ್ಸು, ಎತ್ತರ, ಲಿಂಗಗಳನ್ನು ಸೂತ್ರವೊಂದಕ್ಕೆ ಸೇರಿಸಿ ಉಳಿದದ್ದನ್ನು ಅಂದಾಜು ಮಾಡುತ್ತದೆ. ಯಂತ್ರ ನಿಜವಾಗಿ ಅಳೆಯುವುದು ತೂಕ ಮತ್ತು ತಡೆ, ಈ ಎರಡನ್ನು ಮಾತ್ರ. ವಿದ್ಯುತ್ತು ಮುಖ್ಯವಾಗಿ ಕಾಲುಗಳಲ್ಲೇ ಹರಿದು ಹೋಗುವುದರಿಂದ, ನಮ್ಮ ಆರೋಗ್ಯಕ್ಕೆ ಅತಿ ಮುಖ್ಯವಾದ ಹೊಟ್ಟೆಯ ಭಾಗದ ಬಗ್ಗೆ ಅದಕ್ಕೆ ನೇರವಾಗಿ ತಿಳಿಯುವುದು ಬಹಳ ಕಡಿಮೆ.

ಒಂದು ಭಾನುವಾರ ಇದನ್ನು ಪರೀಕ್ಷಿಸಿಯೇ ನೋಡಿದೆ. ಎದ್ದ ಕೂಡಲೆ ನನ್ನ ಕೊಬ್ಬು ಶೇ. 38.9. ಸ್ನಾನ ಮುಗಿಸಿ ಪಾದ ಒದ್ದೆಯಿರುವಾಗಲೇ ನಿಂತರೆ 37.6. ಇಡೀ ದಿನ ಓಡಾಡಿದ ಮೇಲೆ ಸಂಜೆ 36.8. ಯಂತ್ರದ ಜೊತೆಗಿರುವ ಮೊಬೈಲ್ ಆ್ಯಪಿನಲ್ಲಿ ನನ್ನನ್ನು ಕ್ರೀಡಾಪಟುವೆಂದು ಗುರುತಿಸಿಕೊಂಡು ಹತ್ತಿದಾಗ ನಿಂತ ನಿಲುವಿನಲ್ಲೇ ಆರು ಅಂಶ ಇಳಿದುಹೋಯಿತು. ಹತ್ತು ತಿಂಗಳ ಪಥ್ಯ ಮತ್ತು ನಡಿಗೆಯಿಂದ ಈ ಅಂಕಿ ಇಳಿದದ್ದು 36.2ಕ್ಕೆ. ಅಂದರೆ ಇಷ್ಟು ದಿನಗಳ ಪರಿಶ್ರಮದ ವ್ಯತ್ಯಾಸವೂ ಬೆಳಗು ಸಂಜೆಗಳ ವ್ಯತ್ಯಾಸವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ತೂಗಿಕೊಂಡರೆ ಇಳಿಮುಖವೋ ಏರುಮುಖವೋ ಎಂಬುದು ಅಂದಾಜಿಗೆ ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ನಂಬಿಕೆ ಇಡುವುದು ಬೇಡ. ದೇಹದ ವಯಸ್ಸು ಎಂಬ ಅಂಕಿಯನ್ನು ನೋಡುವುದನ್ನೇ ನಾನು ಬಿಟ್ಟಿದ್ದೇನೆ. ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ವಿದ್ಯುತ್ತು ಹರಿಸುವ ಈ ಬಗೆಯ ಯಂತ್ರವನ್ನು ಹತ್ತಲೇಬಾರದು. ಈ ಎಚ್ಚರಿಕೆ ನಮ್ಮ ಯಂತ್ರದ ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆಯ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿದೆ. ಅದು ಕನ್ನಡದಲ್ಲಿ, ಪೆಟ್ಟಿಗೆಯ ಮೇಲೆಯೇ ಇರಬೇಕಿತ್ತು.

ನನ್ನ ಮುಖ್ಯ ಆಕ್ಷೇಪ ಇರುವುದು ಆ್ಯಪ್ ಬಳಿಯುವ ಬಣ್ಣದ ಮೇಲೆ. ನನ್ನ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ., ಕೈಕಾಲು ತೆಳ್ಳಗೆ. ಸಂಬಂಧಿಕರೆಲ್ಲ ಅವರನ್ನು ಸಣಕಲು ಎಂದೇ ಕರೆಯುವುದು. ಯಂತ್ರದ ಮೇಲೆ ಅವರು ನಿಂತಾಗ, ಎತ್ತರಕ್ಕೆ ಹೋಲಿಸಿ ತೂಕವನ್ನು ಸೂಚಿಸುವ ಬಿಎಂಐ 23.4 ಎಂದು ಬಂದು ಹಸಿರು ಬಣ್ಣದಲ್ಲಿ ‘ಸಾಮಾನ್ಯ’ ಎಂಬ ಅರ್ಥದ ಪದ ಕಾಣಿಸಿಕೊಂಡಿತು. ನನಗೆ 29.3, ಕೆಂಪು. “ನೋಡು, ನನಗೆ ಏನೂ ತೊಂದರೆ ಇಲ್ಲ, ನಿನ್ನದನ್ನು ನೋಡಿಕೊ” ಎಂದು ಅವರು ನಿಶ್ಚಿಂತೆಯಿಂದ ಇಳಿದರು. ಮುಂದಿನ ತಿಂಗಳು ಕಚೇರಿಯವರು ಏರ್ಪಡಿಸಿದ್ದ ತಪಾಸಣೆಯಲ್ಲಿ ಅವರ ಬರಿಹೊಟ್ಟೆಯ ಸಕ್ಕರೆ 118 ಬಂತು. 100ರಿಂದ 125ರವರೆಗಿನದು ಮಧುಮೇಹದ ಮುನ್ಸೂಚನೆ. ಹಸಿರು ಬಣ್ಣ ಅವರಿಗೆ ಹೇಳಿದ್ದು ತಪ್ಪು ಸಮಾಧಾನ.

ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ಈ ಲೆಕ್ಕ ಹುಟ್ಟಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟಲೆ ಎಂಬ ಗಣಿತಜ್ಞ ಜನಸಮೂಹದ ಸರಾಸರಿಯನ್ನು ಅರಿಯಲು ಹೊರಟಾಗ. ಇಂದಿನ ಹೆಸರನ್ನು ಕೊಟ್ಟದ್ದು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್. ಒಬ್ಬ ವ್ಯಕ್ತಿಯ ದೇಹದಲ್ಲಿ ಕೊಬ್ಬು ಎಷ್ಟಿದೆ, ಎಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ದೇಶದವರಿಗೆ ಇದು ಎಷ್ಟು ಮುಖ್ಯವೆಂಬುದನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿಟ್ಟು ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕರ ದೇಹದಲ್ಲಿ ಶೇ. 21.2 ಇತ್ತು. ನೋಡಲು ತೆಳ್ಳಗಿದ್ದು ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ತುಂಬಿಕೊಳ್ಳುವುದು ಭಾರತೀಯರಲ್ಲಿ ಸಾಮಾನ್ಯ. ಯಕೃತ್ತಿನ ಸುತ್ತಮುತ್ತ ಸೇರುವ ಆ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಈ ಕಾರಣಕ್ಕಾಗಿಯೇ 2009ರಲ್ಲಿ ಭಾರತೀಯ ತಜ್ಞರು ಒಮ್ಮತದಿಂದ ನಮಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಗಡಿಗಳನ್ನು ಗೊತ್ತುಪಡಿಸಿದರು. ಅದರ ಪ್ರಕಾರ ನಮ್ಮ ಯಜಮಾನರು ಅಧಿಕ ತೂಕದವರು. ನಮ್ಮ ಯಂತ್ರದ ಆ್ಯಪ್ ಇನ್ನೂ 25, 30ರ ಗಡಿಗಳಲ್ಲೇ ಇದೆ. ಭಾರತದಲ್ಲಿ ಮಾರುವ ವಸ್ತುವಿನಲ್ಲಿ ಭಾರತೀಯರ ಗಡಿಯನ್ನು ಅಳವಡಿಸುವುದಕ್ಕೆ ಎರಡು ಅಂಕಿಗಳನ್ನು ಬದಲಿಸಿದರೆ ಸಾಕು. ಕಂಪನಿಗೆ ಈ ವಿಷಯ ಬರೆದಾಗ ಬಂದದ್ದು, ಪತ್ರ ತಲುಪಿದೆ ಎಂಬ ಒಂದು ಸಾಲಿನ ಉತ್ತರ ಮಾತ್ರ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ 25ನ್ನು ಮೀರಿರುವುದು ದಾಖಲಾಗಿದೆ. 23ಕ್ಕೂ 25ಕ್ಕೂ ನಡುವೆ ಹಸಿರು ಬಣ್ಣ ನೋಡಿ ನಿಶ್ಚಿಂತರಾಗಿರುವವರು ಆ ಲೆಕ್ಕದ ಹೊರಗೇ ಉಳಿಯುತ್ತಾರೆ.

ಟೇಪು ನಮ್ಮ ಮನೆಗೆ ಬಂದದ್ದು ಹೀಗೆ. ಯಜಮಾನರ ಪರೀಕ್ಷಾ ವರದಿಯನ್ನು ನೋಡಿದ ವೈದ್ಯರು ಮೊದಲು ಕೇಳಿದ್ದು ತೂಕವನ್ನಲ್ಲ, ಸೊಂಟದ ಸುತ್ತಳತೆಯನ್ನು. “ಪ್ಯಾಂಟಿನ ಅಳತೆ ಹತ್ತು ವರ್ಷದಿಂದ 34 ಇಂಚೇ ಸಾರ್” ಎಂದರು ಇವರು. ವೈದ್ಯರು ಅವರನ್ನು ನಿಲ್ಲಿಸಿ, ಕೊನೆಯ ಪಕ್ಕೆಲುಬಿನ ಕೆಳಗಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಓದಿದರು: 95 ಸೆಂ.ಮೀ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. 34 ಇಂಚೆಂದರೆ 86 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಹೊಟ್ಟೆ ಬೆಳೆದಂತೆಲ್ಲ ಅವರು ಪ್ಯಾಂಟನ್ನು ಒಂದೊಂದು ಬೆರಳು ಕೆಳಗೆ ಧರಿಸುತ್ತ ಬಂದಿದ್ದರು; ಬೆಲ್ಟಿನ ಅದೇ ತೂತು ಹತ್ತು ವರ್ಷ ಸಾಕಾಯಿತು. ಮನೆಗೆ ಬಂದು ಅಳೆದುಕೊಂಡಾಗ ನನ್ನದು 94 ಇತ್ತು. ನಮ್ಮಿಬ್ಬರ ತೂಕದಲ್ಲಿ ಐದು ಕಿಲೋಗೂ ಮಿಗಿಲಾದ ಅಂತರ, ಸುತ್ತಳತೆಯಲ್ಲಿ ಒಂದೇ ಸೆಂಟಿಮೀಟರ್. ವೈದ್ಯರು ಆ ದಿನ ಟೇಪು ಹಿಡಿದದ್ದು ಅವರ ಹಳೆಯ ಅಭ್ಯಾಸವಿರಬಹುದು. ಆದರೆ 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನೆಚ್ಚಿ ಬೊಜ್ಜನ್ನು ನಿರ್ಧರಿಸಬಾರದು, ಸುತ್ತಳತೆಯಂಥ ಅಳತೆಯನ್ನೂ ನೋಡಬೇಕು, ಅಂಗಾಂಗಗಳ ಕೆಲಸ ಕೆಟ್ಟಿದೆಯೇ ಎಂಬುದನ್ನೂ ಗಮನಿಸಬೇಕು ಎಂದೇ ಹೇಳಿದೆ.

ಟೇಪಿಗೂ ದೋಷಗಳಿವೆ. ಬಟ್ಟೆಯ ಟೇಪು ಎಳೆದಂತೆ ಹಿಗ್ಗುತ್ತದೆ, ಆದ್ದರಿಂದ ನಾರು ಬೆರೆಸಿದ ಪ್ಲಾಸ್ಟಿಕ್ಕಿನದನ್ನು ಕೊಳ್ಳುವುದು ಒಳ್ಳೆಯದು. ಬೆನ್ನ ಹಿಂದೆ ಜಾರಿದರೆ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಬರುವುದರಿಂದ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನೋಡಿಕೊಳ್ಳಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡು ಅಳೆಯುವ ಆಸೆ ಎಲ್ಲರಿಗೂ ಆಗುತ್ತದೆ, ಅದನ್ನು ತಡೆಯಲು ಅಳತೆಯನ್ನು ಇನ್ನೊಬ್ಬರಿಂದ ಓದಿಸುವುದೇ ದಾರಿ.

ಯಂತ್ರದ ಅಂಕಿಗಳು ಮನೆಯ ಅಡುಗೆಗೆ ಹೇಗೆ ತಾಗಿದವೆಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಕೂಡಿಟ್ಟ ಬಿಲ್ಲುಗಳನ್ನು ತೆಗೆದು ನೋಡಿದಾಗ ಅತ್ತೆಯವರೂ ಮಗಳೂ ಸೇರಿ ನಾಲ್ವರಿರುವ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು. ತಲೆಗೆ ದಿನಕ್ಕೆ 41 ಮಿ.ಲೀ., ಅಂದರೆ ಎಣ್ಣೆಯೊಂದರಿಂದಲೇ ಸುಮಾರು 340 ಕಿಲೋ ಕ್ಯಾಲೊರಿ. ಒಗ್ಗರಣೆಗೆ ಡಬ್ಬದಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ, ತಿಂಗಳ ಮೊದಲ ದಿನ ಮೂರು ಲೀಟರನ್ನು ಬೇರೆ ಪಾತ್ರೆಗೆ ಹಾಕಿ ಅದರಲ್ಲೇ ಸುಧಾರಿಸುವುದೆಂದು ಗೊತ್ತುಮಾಡಿಕೊಂಡೆವು. ಅತ್ತೆಯವರಿಗೆ ಮೊದಲು ಬೇಸರವಾಯಿತು, ಆಮೇಲೆ ಚಮಚ ಹಿಡಿದು ಲೆಕ್ಕ ಇಟ್ಟವರೇ ಅವರು. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದ ನಾನು ಕಾಫಿಯಲ್ಲೇ 30 ಗ್ರಾಂ ಮೀರುತ್ತಿದ್ದೆ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈಗ ಎರಡು ಕಾಫಿ, ಒಂದೊಂದು ಚಮಚ. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಬಹಳವಿರುವುದು ನಿಜ, ಬೇಗ ಹಸಿವಾಗದಿರುವುದೂ ನಿಜ. ಆದರೆ ತೂಕಕ್ಕೆ ತೂಕ ರಾಗಿಹಿಟ್ಟಿನ ಕ್ಯಾಲೊರಿ ಅಕ್ಕಿಗಿಂತ ಅಷ್ಟೇನೂ ಕಡಿಮೆಯಿಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಸಾರಿನ ಬದಲು ಗಟ್ಟಿಯಾದ ಮಸ್ಸೊಪ್ಪು ಅಥವಾ ಹುರುಳಿಕಾಳಿನ ಬಸ್ಸಾರಿನ ಪಲ್ಯ, ಪಕ್ಕದಲ್ಲಿ ಕೋಸಂಬರಿ, ಹೀಗೆ ತಟ್ಟೆಯ ಪಾಲು ಬದಲಾದಾಗಲೇ ಕ್ಯಾಲೆಂಡರಿನ ಸರಾಸರಿ ಇಳಿಯತೊಡಗಿದ್ದು. ಜೊತೆಗೆ ವಾರಕ್ಕೆ ಐದು ದಿನ ಅಮಾನಿಕೆರೆಯ ದಂಡೆಯ ಮೇಲೆ ಅರ್ಧರ್ಧ ಗಂಟೆ ಇಬ್ಬರೂ ಬಿರುಸಾಗಿ ನಡೆಯುತ್ತೇವೆ.

ಡಿಸೆಂಬರಿನಿಂದ ಏಳು ವಾರ ನನ್ನ ತೂಕ 67ರಲ್ಲೇ ನಿಂತುಬಿಟ್ಟಿತು. ಆ್ಯಪ್ ಪ್ರತಿ ಬೆಳಿಗ್ಗೆ ‘ಇನ್ನೂ ಹೆಚ್ಚು ಪ್ರಯತ್ನಿಸಿ’ ಎಂಬರ್ಥದ ಸಂದೇಶ ಕಳಿಸುತ್ತಿತ್ತು. ಇದು ಬೊಜ್ಜನ್ನು ಅರಿಯದವರು ಬರೆದ ಮಾತು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಕಂಡುಹಿಡಿದಾಗ, ಕೊಬ್ಬಿನ ಕೋಶಗಳೇ ಮೆದುಳಿಗೆ ತಮ್ಮ ದಾಸ್ತಾನಿನ ಸುದ್ದಿ ಕಳಿಸುತ್ತವೆಂಬುದು ಸ್ಪಷ್ಟವಾಯಿತು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಹೊಟ್ಟೆಯಿಂದ ಬರುವ, ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಹಸಿವು ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ. ಬರಗಾಲ ಬಂದಿದೆಯೆಂದು ತಿಳಿದು ದೇಹ ಉಳಿತಾಯಕ್ಕೆ ಇಳಿಯುತ್ತದೆ. ತೂಕ ಇಳಿಯದವರನ್ನು ಬಾಯಿಚಪಲದವರು, ಸೋಮಾರಿಗಳು ಎಂದು ಹೀಗಳೆಯುವವರಿಗೆ ಈ ವಿಷಯ ತಿಳಿದಿದ್ದರೆ ಎಷ್ಟೋ ಜನರ ಮನಸ್ಸು ನೋಯುವುದು ತಪ್ಪುತ್ತಿತ್ತು. ಆ ಏಳು ವಾರಗಳಲ್ಲಿ ಟೇಪು ಮಾತ್ರ 90ರಿಂದ 88ಕ್ಕೆ ಇಳಿಯಿತು. ಯಂತ್ರವೊಂದನ್ನೇ ನಂಬಿದ್ದರೆ ಆ ಚಳಿಗಾಲದಲ್ಲೇ ನಡಿಗೆಯನ್ನು ಕೈಬಿಟ್ಟಿರುತ್ತಿದ್ದೆ.

ಒಂದು ಎಚ್ಚರಿಕೆಯನ್ನು ತಾಯಂದಿರಿಗಾಗಿ ಬರೆಯಬೇಕು. ನಮ್ಮ ಮಗಳಿಗೆ ಹದಿನೈದು ವರ್ಷ. ನವೆಂಬರಿನ ಒಂದು ದಿನ ಅವಳು ಶಾಲೆಗೆ ಹೊರಡುವ ಮೊದಲು, ಬಂದ ಕೂಡಲೆ, ರಾತ್ರಿ ಮಲಗುವ ಮುನ್ನ, ಹೀಗೆ ಮೂರು ಬಾರಿ ಯಂತ್ರ ಹತ್ತಿದ್ದನ್ನು ಗಮನಿಸಿದೆ. ಬೆಳಗಿನ ದೋಸೆ ಡಬ್ಬಿಯಲ್ಲಿ ಹಾಗೆಯೇ ಮರಳಿ ಬಂದಿತ್ತು. “ಅಮ್ಮ, ನಿನ್ನ ಹಾಗೆ ನನಗೂ ಕೆಂಪು ಬರಬಾರದು” ಎಂದಳು. ಬೆಳೆಯುವ ಮಕ್ಕಳಿಗೆ ವಯಸ್ಕರ ಗಡಿಗಳು ಅನ್ವಯಿಸುವುದಿಲ್ಲ. ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಗಳೇ ಬೇರೆ, ಅವನ್ನು ಮಕ್ಕಳ ವೈದ್ಯರು ನೋಡಿ ಹೇಳಬೇಕು. ವೈದ್ಯರಲ್ಲಿಗೆ ಕರೆದೊಯ್ದು ಅವಳ ಬೆಳವಣಿಗೆ ಸರಿಯಾಗಿದೆಯೆಂದು ಅವರ ಬಾಯಿಂದಲೇ ಹೇಳಿಸಿದೆವು. ಅಂದಿನಿಂದ ಯಂತ್ರ ಮಂಚದ ಕೆಳಗಿನ ಪೆಟ್ಟಿಗೆ ಸೇರಿದೆ, ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ಬರುತ್ತದೆ. ತೂಕದ ಮಾತನ್ನು ಊಟದ ಹೊತ್ತಿನಲ್ಲಿ ಆಡುವುದನ್ನೂ ನಿಲ್ಲಿಸಿದ್ದೇವೆ.

ಹತ್ತು ತಿಂಗಳ ಕೊನೆಗೆ ನನ್ನ ತೂಕ 65.8 ಕೆ.ಜಿ., ಸುತ್ತಳತೆ 86 ಸೆಂ.ಮೀ., ಎಚ್‌ಬಿಎ1ಸಿ 5.8. ಯಜಮಾನರ ತೂಕ ಎರಡು ಕಿಲೋ ಕೂಡ ಇಳಿದಿಲ್ಲ, ಸುತ್ತಳತೆ 91ಕ್ಕೂ ಬರಿಹೊಟ್ಟೆಯ ಸಕ್ಕರೆ 104ಕ್ಕೂ ಬಂದಿದೆ. ಈಗ ಕೊಳ್ಳುವುದಾದರೆ ನಾನು ಕೊಬ್ಬು ತೋರಿಸದ, ಆ್ಯಪ್ ಬೇಡದ, ಏಳುನೂರು ಎಂಟುನೂರು ರೂಪಾಯಿಯ ಸಾದಾ ಡಿಜಿಟಲ್ ಯಂತ್ರವನ್ನೇ ಕೊಳ್ಳುತ್ತೇನೆ. ಈಗಾಗಲೇ ಇಂಥ ಯಂತ್ರ ಇರುವವರು ಅದನ್ನು ಎಸೆಯಬೇಕಾಗಿಲ್ಲ. ಆ್ಯಪಿನಲ್ಲಿ ಬಣ್ಣ ಮತ್ತು ಸಂದೇಶಗಳನ್ನು ನಿಲ್ಲಿಸಿ, ತೂಕವನ್ನು ಮಾತ್ರ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ್ಯಪ್ ತೆರೆಯಲು ಮೊಬೈಲ್ ಸಂಖ್ಯೆ, ಹುಟ್ಟಿದ ದಿನಾಂಕಗಳನ್ನು ಕೇಳುತ್ತದೆ, ಕೊಟ್ಟ ಮರುವಾರದಿಂದಲೇ ತೂಕ ಇಳಿಸುವ ಪುಡಿಗಳ ಜಾಹೀರಾತು ನನಗೆ ಬರತೊಡಗಿದವು. ಸೆಲ್ಲುಗಳು ಹತ್ತು ತಿಂಗಳಲ್ಲಿ ಒಮ್ಮೆ ಮಾತ್ರ ಬದಲಾಗಿವೆ, ಗಾಜಿಗೆ ಗೀರು ಬಿದ್ದಿಲ್ಲ. ಟೇಪು ಕನ್ನಡಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ, 90ರ ಗೆರೆಯ ಮೇಲೆ ಯಜಮಾನರು ಕೆಂಪು ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಾರೆ.